ಎರಡು ಕಾರು, ಒಂದು ಕಿವಿ

ಗಿರಾಕಿಗಳು ನನ್ನನ್ನು ಡಾಕ್ಟ್ರು ಅನ್ನುತ್ತಾರೆ. ಓದಿದ್ದು ಏಳನೇ ಕ್ಲಾಸು. ಎಂಜಿನ್ನಿಗೆ ಉದ್ದ ಸ್ಕ್ರೂಡ್ರೈವರಿನ ತುದಿ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ರೋಗ ಹೇಳುವ ಮೆಕ್ಯಾನಿಕ್ ನಾನು. ಕಣ್ಣು ಮುಚ್ಚುವ ಅಗತ್ಯವೇನಿಲ್ಲ, ಅದೊಂದು ಗತ್ತು.

ಕಳೆದ ವಾರ ನಿವೃತ್ತ ಮೇಷ್ಟ್ರೊಬ್ಬರು ಒಂದಾದ ಮೇಲೊಂದರಂತೆ ಎರಡು ಕಾರು ತಂದು ನಿಲ್ಲಿಸಿದರು. ಒಂದು ಅವರ ಅಪ್ಪನದು: ದುಂಡು ಮೈ, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂದೆ ಮೂವರು ಕೂರುವ ಉದ್ದ ಸೀಟು. ಇನ್ನೊಂದು ಇಪ್ಪತ್ತೈದು ವರ್ಷ ಚಿಕ್ಕದು, ಬೆಂಕಿಪೊಟ್ಟಣದ ಹಾಗೆ ಚೌಕ, ಮೇಷ್ಟ್ರೇ ದುಡಿದು ಕೊಂಡದ್ದು. ಹೊಸ ಮನೆಯಲ್ಲಿ ಒಂದಕ್ಕೇ ಜಾಗವಂತೆ.

"ಮನಸ್ಸು ಅಪ್ಪನ ಕಾರಿನ ಮೇಲಿದೆ. ಆದ್ರೆ ನೀವು ಹೇಳಿದ್ದನ್ನೇ ಇಟ್ಕೋತೀನಿ," ಅಂದರು.

ದುಂಡನೆಯದಕ್ಕೆ ಕಿವಿ ಕೊಟ್ಟೆ. ಒಳಗೆ ಯಾರೋ ಮಂಚ ಎಳೆದಾಡುವಂತೆ ಗುಡುಗುಡು. ಚೌಕದ್ದಕ್ಕೆ ಕೊಟ್ಟೆ. ಬೆಣ್ಣೆ. "ಅಪ್ಪಂದನ್ನ ಮಾರಿಬಿಡಿ ಸಾರ್, ಇದು ಚಿನ್ನ," ಅಂದೆ. ಎರಡು ಕಾಲದ ಎಂಜಿನ್ನುಗಳ ಬಗ್ಗೆ ಒಂದು ಭಾಷಣವನ್ನೂ ಬಿಗಿದೆ. ಮೇಷ್ಟ್ರ ಮುಖ ಬಾಡಿತು. ಅಪ್ಪನ ಸೀಟನ್ನೊಮ್ಮೆ ಸವರಿ, ಕೊಳ್ಳುವವನಿಗೆ ಫೋನ್ ಮಾಡಲು ಹೊರಗೆ ಹೋದರು.

ಶೆಡ್ಡಿನ ಮೂಲೆಯಲ್ಲಿ ಸೀಟ್ ಕವರ್ ಹೊಲಿಯುತ್ತಿದ್ದ ನನ್ನ ಹೆಂಡತಿ ಮಿಷನ್ ನಿಲ್ಲಿಸಿದಳು. "ರೀ, ಆ ಚೌಕದ್ದು ಅಷ್ಟು ಕಿರುಗುಡ್ತಿದೆ, ಕೇಳಿಸ್ಲಿಲ್ವಾ?"

"ಯಾವ ಕಿರುಗುಡೋದು?"

ಅವಳು ಸ್ಕ್ರೂಡ್ರೈವರ್ ಕಸಿದುಕೊಂಡು ಓಡುತ್ತಿದ್ದ ಎಂಜಿನ್ನಿಗೆ ಊರಿ ಕಿವಿಯಿಟ್ಟಳು. "ಇಲ್ಲಿ, ಮುಂದ್ಗಡೆ. ಸಣ್ಣಗೆ, ತಗಡಿಗೆ ಸರಪಳಿ ಉಜ್ಜಿದ ಹಾಗೆ."

ಎಂಜಿನ್ನಿನೊಳಗಿನ ಟೈಮಿಂಗ್ ಚೈನ್ ಸವೆದರೆ ಬರುವ ಸದ್ದು ಅದು. ಹರಿದರೆ ಎಂಜಿನ್ನೇ ಪುಡಿ. ಮತ್ತೆ ನಾನೇ ಕಿವಿಯಿಟ್ಟೆ. ಬೆಣ್ಣೆಯೇ. ದುಂಡನೆಯದರ ಕೆಳಗೆ ಬಗ್ಗಿ ನೋಡಿದರೆ, ಎಂಜಿನ್ ಕೂತ ರಬ್ಬರ್ ಮಾತ್ರ ಸತ್ತಿತ್ತು; ಗುಡುಗುಡು ಅದರದ್ದೇ, ಅರ್ಧ ದಿನದ ಕೆಲಸ. ದೊಡ್ಡ ಸದ್ದು ಮಾತ್ರ ನನಗೆ ಉಳಿದಿತ್ತು, ಸಣ್ಣವೆಲ್ಲ ಯಾವಾಗಲೋ ಹೊರಟುಹೋಗಿದ್ದವು. ಕಿವಿಯಿಂದ ಅನ್ನ ತಿನ್ನುವವನಿಗೆ ಇದಕ್ಕಿಂತ ದೊಡ್ಡ ಭಯ ಬೇರೆ ಬೇಕಿಲ್ಲ.

ನಾಚಿಕೆಯಿಂದ ಎಲ್ಲಾದರೂ ಓಡಿಹೋಗೋಣ ಅನಿಸಿತು. ಓಡಿದ್ದು ಮೇಷ್ಟ್ರ ಹತ್ತಿರಕ್ಕೆ. "ಫೋನ್ ಇಡಿ ಸಾರ್. ಅಪ್ಪನ ಕಾರು ಗಟ್ಟಿಯಾಗಿದೆ. ಕೆಟ್ಟಿರೋದು ನನ್ನ ಕಿವಿ."

ಅವರು ಬೈಯಲಿಲ್ಲ. ಆ ಉದ್ದ ಸೀಟಿನಲ್ಲಿ ಹೋಗಿ ಕೂತು ಸುಮಾರು ಹೊತ್ತು ಏಳಲೇ ಇಲ್ಲ.

ಅವರು ಹೋದ ಮೇಲೆ ಹೆಂಡತಿಯನ್ನು ಕೇಳಿದೆ. "ನನ್ನ ಕಿವಿ ಹೀಗಾಗಿದೆ ಅಂತ ನಿಂಗೆ ಯಾವಾಗಿಂದ ಗೊತ್ತು?"

"ಎರಡು ವರ್ಷದಿಂದ."

"ಹೇಳಬಾರದಿತ್ತಾ?"

"ಹೇಳಿದ್ದೆ. ಬೇಜಾರಾಗಬಾರದು ಅಂತ ಮೆಲ್ಲಗೆ ಹೇಳಿದ್ದೆ."