ಕಣದಲ್ಲಿ ಕೂಗದ ಹೆಸರು

ಭೀಮಕ್ಕ ಅಪ್ಪನ ಕುಲುಮೆ ಹಿಡಿದದ್ದು ಪ್ರೀತಿಯಿಂದ ಎಂದು ಗೋವಿನಕೋವಿಯಲ್ಲಿ ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪ್ರೀತಿಯೂ ಅಲ್ಲ, ಮಣ್ಣಾಂಗಟ್ಟಿಯೂ ಅಲ್ಲ, ಸಿಟ್ಟು. ಪಕ್ಕದ ಮನೆಯವಳು ನಾನು, ಕಣ್ಣಾರೆ ಕಂಡಿದ್ದೇನೆ.

ಹತ್ತು ವರ್ಷದವಳಿದ್ದಾಗಿನಿಂದ ಆಕೆ ತಿದಿ ಒತ್ತಿದಳು. ಬೆಂಕಿಗೆ ಗಾಳಿ ಹೊಡೆಯಲು ಹೆಣ್ಣು ಆಗಬಹುದು, ಆದರೆ ಕಬ್ಬಿಣ ಬಡಿಯುವ ಅಡಿಗಲ್ಲಿನ ಮುಂದೆ ಅವಳು ಸುತ್ತಿಗೆ ಹಿಡಿಯುವಂತಿಲ್ಲ. ಆ ಜಾಗ ಅಣ್ಣ ದುರುಗಣ್ಣನದು. ಅವನಿಗೋ ಮಸಿ ಕಂಡರೆ ವಾಕರಿಕೆ. ಎಪ್ಪತ್ತಾರನೇ ಇಸವಿಯಲ್ಲಿ ಬಿಳಿ ಅಂಗಿ ತೊಟ್ಟು ಚನ್ನಗಿರಿಯ ಅಡಿಕೆ ಮಂಡಿಗೆ ಕೆಲಸಕ್ಕೆ ಹೋದ. ಮರುವರ್ಷ ಅಪ್ಪ ಉಚ್ಚಂಗೆಪ್ಪನ ಬಲಗೈಗೆ ಲಕ್ವ ಹೊಡೆಯಿತು. ಆಗಲೂ ಮುದುಕ, "ದುರುಗ ಬರೋಗಂಟ ಕುಲುಮೆ ಮುಚ್ಚಿರ್ಲಿ" ಎಂದ. ಭೀಮಕ್ಕ ಸುತ್ತಿಗೆ ಎತ್ತಿಕೊಂಡಳು. ಮುದುಕ ಗೋಡೆಗೆ ಮುಖ ಮಾಡಿ ಕೂತ. ತಿದಿಗೆ ನಾನು ಹೋದೆ.

ಎರಡು ವರ್ಷ ಊರಿನ ನೇಗಿಲ ಕುಳಗಳೆಲ್ಲ ಆಕೆಯ ಕೈಯಲ್ಲೇ ಹರಿತವಾದವು. ಈ ಕೆಲಸಕ್ಕೆ ನಮ್ಮಲ್ಲಿ ಕೂಲಿಯಿಲ್ಲ. ಸುಗ್ಗಿಯಲ್ಲಿ ಕಣದ ಯಜಮಾನ ಹೆಸರು ಕೂಗಿ, ಕಸುಬಿನವರ ಪಾಲಾದ ಆಯದ ಜೋಳ ಸುರಿಯಬೇಕು. ನಮ್ಮೂರ ಕಣದ ಯಜಮಾನ ಮುರುಗೇಶಪ್ಪ ಗೌಡ ಕೂಗಿದ್ದೇನು? "ಕಮ್ಮಾರ ದುರುಗಣ್ಣನ ಪಾಲು!" ಎರಡೂ ವರ್ಷ. ಕಬ್ಬಿಣ ಮುಟ್ಟದವನ ಹೆಸರು! ನಾಚಿಕೆಯಾಗಬೇಕಿತ್ತು. ಎರಡನೆಯ ಸಲ ಭೀಮಕ್ಕ ಸೆರಗೊಡ್ಡದೆ ಬರಿಗೈಯಲ್ಲಿ ಮನೆಗೆ ಬಂದಳು.

ಮುಂದಿನ ಮುಂಗಾರಿಗೆ ಹದವಾದ ಮಳೆ ಬಿತ್ತು. ಎಲ್ಲರ ಕುಳ ಬೆಂಕಿಯಲ್ಲಿ ಕಾದವು, ಗೌಡನವು ಮಾತ್ರ ಮೂಲೆಯಲ್ಲಿ ತಣ್ಣಗೆ ಬಿದ್ದಿದ್ದವು. ಮೂರನೆಯ ದಿನ ಆತನೇ ಬಂದ.

"ಹೊಲದ ಹದ ಆರ್ತೈತೆ ಭೀಮಕ್ಕ, ಬೇಗ ತಟ್ಟಿಕೊಡು."

"ದುರುಗಣ್ಣನ ಹೆಸರು ಕೂಗಿದ್ರಲ್ಲ ಗೌಡ್ರೆ, ಚನ್ನಗಿರಿಗೆ ಒಯ್ರಿ. ಅವನೇ ತಟ್ತಾನೆ."

"ಹೆಣ್ಣಿನ ಹೆಸರು ಕಣದಾಗೆ ಹೆಂಗೆ ಕೂಗಾಕೆ ಬರ್ತೈತೆ?"

"ಹೆಣ್ಣು ತಟ್ಟಿದ ಕುಳದಾಗೆ ಬಿತ್ತಾಕೆ ಬರ್ತೈತಲ್ಲ!"

ಗೌಡ ಮುದುಕನ ಕಡೆ ತಿರುಗಿದ. "ಉಚ್ಚಂಗೆಪ್ಪ, ನಿನ್ನ ಮಗಳಿಗೆ ಒಂಚೂರು ಬುದ್ಧಿ ಹೇಳೋ."

ಮುದುಕ ಗೋಡೆ ಹಿಡಿದು ಎದ್ದ. ಬೈಯುತ್ತಾನೆ ಎಂದುಕೊಂಡೆ. ನನ್ನನ್ನು ಎಬ್ಬಿಸಿ ತಾನೇ ತಿದಿಯ ಮುಂದೆ ಕೂತ, ಎಡಗೈ ಹಾಕಿದ.

"ಬೆಂಕಿ ನಾ ಮಾಡ್ತೀನಿ," ಎಂದ. "ಹೆಸರು ಕೂಗ್ರಿ ಗೌಡ್ರೆ."

ಕುಳ ತಂದವರೆಲ್ಲ ನೋಡುತ್ತಿದ್ದರು. ಗೌಡ ತಲೆ ತಗ್ಗಿಸಿ, "ಕಮ್ಮಾರ ಭೀಮಕ್ಕನ ಪಾಲು" ಎಂದು ಗೊಣಗಿದ.

ಭೀಮಕ್ಕ ಸುತ್ತಿಗೆ ಮುಟ್ಟಲಿಲ್ಲ.

"ಕೇಳಿಸ್ಲಿಲ್ಲ" ಎಂದಳು.