ಟ್ಯಾಂಕಿನಲ್ಲಿದ್ದ ಕ್ಯಾನ್ ನೀರು

ರುದ್ರೇಶ, ನೀನು ನನ್ನ ಶೆಡ್ಡಿಗೆ ಮಿಷನ್ ನೋಡಲು ಬಂದ ದಿನ ಟ್ಯಾಂಕಿನಲ್ಲಿ ಇದ್ದದ್ದು ಬೋರ್‌ವೆಲ್ ನೀರಲ್ಲ. ನೀನು ಕೇಳಿದೆ, ನಾನು ಸುಳ್ಳು ಹೇಳಿದೆ. ಕುಡಿಯುವ ನೀರಿನ ಕ್ಯಾನುಗಳನ್ನು ಅಂಗಡಿಯಿಂದ ತರಿಸಿ, ನೀನು ಬರುವ ಮೊದಲೇ ಟ್ಯಾಂಕಿಗೆ ಸುರಿದು, ಖಾಲಿ ಕ್ಯಾನುಗಳನ್ನು ತಗಡಿನ ಹಿಂದೆ ಅಡಗಿಸಿಟ್ಟಿದ್ದೆ.

ನೀರಿನ ರಭಸದಿಂದಲೇ ಲೋಹ ಕತ್ತರಿಸುವ ಸಣ್ಣ ವಾಟರ್‌ಜೆಟ್ ಮಿಷನ್ನನ್ನು ಹೆಗ್ಗನಹಳ್ಳಿಯ ನಮ್ಮ ಬೀದಿಗೆ ಮೊದಲು ತಂದವನು ನಾನೇ. ದೊಡ್ಡ ಫ್ಯಾಕ್ಟರಿಗಳಲ್ಲಿ ಇದ್ದದ್ದು ನಮ್ಮಂಥವರ ಕೈಗೂ ಎಟುಕಿತು ಎಂದು ಕೊಚ್ಚಿಕೊಂಡು ತಿರುಗಿದ್ದೆ. ಹಿತ್ತಾಳೆ, ಕಲ್ಲು, ರಬ್ಬರ್ — ಏನಿಟ್ಟರೂ ಕತ್ತರಿಸುತ್ತದೆ, ಅಂಚು ಸುಡುವುದಿಲ್ಲ. ಅದೆಲ್ಲ ನಿಜವೇ. ಕೆಲಸ ನಿಧಾನ, ನೀರಿಗೆ ಬೆರೆಸುವ ಮರಳು ಎಷ್ಟು ತಂದರೂ ಸಾಲದು ಅನ್ನುವುದನ್ನು ಮಾತ್ರ ನುಂಗಿಕೊಂಡೆ. ಕೆಲವೇ ವಾರಗಳಲ್ಲಿ ನಮ್ಮ ಗಡಸು ನೀರಿಗೆ ಮಿಷನ್ನಿನ ಮೂತಿ, ಅಂದರೆ ನಾಜಲ್, ಕಟ್ಟಿಕೊಂಡಿತು. ಬೋರ್ ನೀರು ಹಾಕಲೇಬೇಡಿ ಎಂದು ರಿಪೇರಿಯವನು ಹೇಳಿ ಹೋದ. ಅದನ್ನು ಟೀ ಅಂಗಡಿಯಲ್ಲಿ ಹೇಳಿದರೆ ಎಲ್ಲರೂ ನಗುತ್ತಾರೆ — ನನಗಿದ್ದ ಭಯ ಅಷ್ಟೇ. ಎಷ್ಟು ಸಣ್ಣ ಭಯ...

ನಮ್ಮಲ್ಲಿ ಯಾರೂ ಕಂಪನಿಯವನ ಮಾತು ನಂಬಿ ಮಿಷನ್ ಕೊಳ್ಳುವುದಿಲ್ಲ. ಪಕ್ಕದವನ ಶೆಡ್ಡಿನಲ್ಲಿ ಓಡುವುದನ್ನು ಕಣ್ಣಾರೆ ನೋಡಿ, ಅವನನ್ನು ಕೇಳಿ ಕೊಳ್ಳುತ್ತೇವೆ. ಎರಡು ಶೆಡ್ಡು ಆಚೆ ಲೇತ್ ಇಟ್ಟುಕೊಂಡಿದ್ದ ನೀನೂ ಹಾಗೆಯೇ ಬಂದೆ. ಹಿತ್ತಾಳೆ ತಗಡನ್ನು ದೀಪದ ಆಕಾರಕ್ಕೆ ಕತ್ತರಿಸಿ ಕೊಟ್ಟೆ. ಅದರ ಅಂಚಿನ ಮೇಲೆ ಬೆರಳಾಡಿಸುತ್ತ ನೀನು ಕೇಳಿದೆ:

"ಅಣ್ಣ, ನೀರು ಯಾವ್ದು ಹಾಕ್ತೀರ?"

"ಬೋರ್ ನೀರೇ ಕಣೋ. ಇನ್ಯಾವ್ದು ಹಾಕ್ತಾರೆ?"

ಜಾಗ ಸಾಲದೆಂದು ನಿಮ್ಮಪ್ಪನ ಲೇತ್ ಮಾರಿ ನೀನು ಅದೇ ಮಿಷನ್ ತಂದೆ. ಆ ವರ್ಷದ ಆಯುಧಪೂಜೆಗೆ ನನ್ನನ್ನೇ ಕರೆದು ಬೂದುಗುಂಬಳಕಾಯಿ ಒಡೆಸಿದೆ. ಒಡೆದೆ — ನಾಚಿಕೆಯಿಲ್ಲದೆ.

ನಿನ್ನ ನಾಜಲ್ ಕಟ್ಟಿಕೊಂಡಾಗಲಾದರೂ ಹೇಳಬಹುದಿತ್ತು. ಅಷ್ಟರಲ್ಲಿ ನಾನು ಗೋಡೆಯ ಹಿಂದೆ, ಯಾರಿಗೂ ಕಾಣದ ಹಾಗೆ, ನೀರಿನ ಫಿಲ್ಟರ್ ಹಾಕಿಸಿಕೊಂಡಿದ್ದೆ. ಬಾಯಿ ಬಿಟ್ಟರೆ ಹಳೆಯ ಸುಳ್ಳು ಹೊರಬೀಳುತ್ತಿತ್ತು. ರಿಪೇರಿಯವನನ್ನು ಕರೆಸದೆ, ತಪ್ಪು ನಿನ್ನದೇ ಎಂದುಕೊಂಡು ನೀನು ನಾಜಲ್ ಬದಲಿಸುತ್ತಲೇ ಇದ್ದೆ. ನಿನ್ನ ಗಿರಾಕಿಗಳು ಕಾದು ಬೇಸತ್ತು ನನ್ನ ಬಾಗಿಲಿಗೆ ಬಂದರು. ಅವರನ್ನು ನಾನು ವಾಪಸ್ ಕಳಿಸಲಿಲ್ಲ. ಕೊನೆಗೆ ಮಿಷನ್ನನ್ನು ಗುಜರಿಗೆ ಹಾಕಿ, ಶೆಡ್ಡಿಗೆ ಬೀಗ ಜಡಿಯುತ್ತ ನೀನು ಅಂದದ್ದು —

"ಮಿಷನ್ ತಪ್ಪಲ್ಲ ಅಣ್ಣ, ನಿಮ್ಮತ್ರ ಓಡ್ತಾ ಇದ್ಯಲ್ಲ. ನನ್ ಕೈಗೇ ಕೆಲ್ಸ ಬರಲ್ಲ."

ಆ ಬೀದಿಯಲ್ಲಿ ನಿನ್ನಷ್ಟು ಚೊಕ್ಕವಾಗಿ ಕೆಲಸ ಮಾಡುವವರು ಯಾರೂ ಇರಲಿಲ್ಲ. ಅದು ಗೊತ್ತಿದ್ದೂ ನಾನು ನನ್ನ ಶೆಡ್ಡಿನ ಕಡೆ ನಡೆದೆ.

ಈಗ ನೀನು ಮಾರೇನಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬೋಲ್ಟು ತೂಗಿಕೊಡುತ್ತೀಯ. ಮೊನ್ನೆ ಅಲ್ಲಿಗೆ ಬಂದಿದ್ದೆ, ನೀನು ನೋಡಲಿಲ್ಲ. ಗಿರಾಕಿಯೊಬ್ಬ ತಿರುಪಿನ ಸುತ್ತು ಸವೆದ ಬೋಲ್ಟೊಂದನ್ನು ಮುಂದಿಟ್ಟು, ಇದನ್ನು ಸರಿಮಾಡಬಹುದಾ ಎಂದು ಕೇಳಿದ. ನೀನು ಅದನ್ನು ಮುಟ್ಟಲೂ ಇಲ್ಲ. ಅದೆಲ್ಲ ನನಗೆ ಬರುವುದಿಲ್ಲ ಸಾರ್ ಎಂದು ಕೈ ಹಿಂದಕ್ಕೆ ಎಳೆದುಕೊಂಡೆ.

ನನ್ನ ಮಿಷನ್ ಇವತ್ತಿಗೂ ಓಡುತ್ತಿದೆ. ನಾಳೆ ಅದೇ ಟೀ ಅಂಗಡಿಯಲ್ಲಿ, ಎಲ್ಲರೂ ಇರುವಾಗ ಇಷ್ಟನ್ನೂ ಹೇಳುತ್ತೇನೆ; ಆಮೇಲೆ ನಿನ್ನ ಹತ್ತಿರ ಬರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ, ರುದ್ರೇಶ.