ಸರ್ವೋತ್ತಮ ಶೆಟ್ಟರ ಒಂದೂವರೆ ಅಡಿಯ ಹಾಲೆಮರ

ಕಾಪುವಿನ ಸರ್ವೋತ್ತಮ ಶೆಟ್ಟರಿಗೆ ಮರವೆಂದರೆ ಪ್ರಾಣ. ಆದರೆ ಮರ ಟೀಪಾಯಿಯ ಮೇಲೆ ಕೂರುವಷ್ಟೇ ಇರಬೇಕು, ಕಸ ಉದುರಿಸಬಾರದು, ಕಾಗೆಗಳಿಗೆ ಜಾಗ ಕೊಡಬಾರದು.

ಮಸ್ಕತ್ತಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಹೋದ ವರ್ಷ ಊರಿಗೆ ಬಂದವರು ಮೊದಲು ಮಾಡಿದ ಕೆಲಸವೆಂದರೆ ಅಂಗಳದ ಮೂಲೆಯಲ್ಲಿದ್ದ ಅಜ್ಜನ ಕಾಲದ ಹಾಲೆಮರವನ್ನು ಕಡಿಸಿದ್ದು. ಕಾರು ನಿಲ್ಲಿಸಲು ಜಾಗ ಬೇಕಿತ್ತು. ಎರಡನೆಯ ಕೆಲಸ, ಒಂದೂವರೆ ಅಡಿಯ ಹಾಲೆಮರದ ಬೋನ್ಸಾಯಿಯನ್ನು ಮಣಿಪಾಲದಿಂದ ಕೊಂಡು ತಂದದ್ದು. ಅದನ್ನು ಕೂರಿಸಲು ಕಾರ್ಕಳದ ಕಲಾವಿದರೊಬ್ಬರು ಕೈಯಲ್ಲೇ ಮಾಡಿದ, ಒಂದು ಬದಿಗೆ ವಾಲಿದ ಪಿಂಗಾಣಿ ಕುಂಡ. ವಾಲಿದ್ದೇ ಕಲೆಯಂತೆ. ಹೆಂಡತಿ ಮನೋರಮಕ್ಕ ಹೊಯ್ದ ದೋಸೆ ಸೊಟ್ಟಗಾದರೆ ಮಾತ್ರ ಅದು ಕಲೆಯಾಗುತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ಹುಟ್ಟಿದ ತಪ್ಪಿಗೆ ಆ ಮರದ ಪುರಾಣವನ್ನು ನಾನು ವಾರಕ್ಕೆರಡು ಸಲ ಕೇಳಬೇಕಿತ್ತು.

"ಇದು ಗಿಡ ಅಲ್ಲ ಮಾರಾಯ, ಪೂರ್ತಿ ಮರ. ದೊಡ್ಡ ಮರದಲ್ಲಿ ಎಂತೆಲ್ಲ ಉಂಟೋ ಅದೆಲ್ಲ ಇದರಲ್ಲಿಯೂ ಉಂಟು."

ಮನೋರಮಕ್ಕ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದರು. ಪಾಪ, ನಂಬಿದರು.

ಅಷ್ಟರಲ್ಲಿ ಮಣಿಪಾಲದ ಬೋನ್ಸಾಯಿ ಕೂಟವೊಂದು 'ಮನೆಯೊಳಗಿನ ಜೀವಂತ ಕಲೆ' ಎಂಬ ಸ್ಪರ್ಧೆ ಇಟ್ಟಿತು. ತೀರ್ಪುಗಾರರು ಮನೆಗೇ ಬಂದು ನೋಡುತ್ತಾರೆ. ಮೊದಲ ಬಹುಮಾನ ತನಗೇ ಎಂದು ಶೆಟ್ಟರು ಉಚ್ಚಿಲದವರೆಗೆ ಹೇಳಿಕೊಂಡು ಬಂದಿದ್ದರು. ಬಾರದಿದ್ದರೆ ಮುಖ ಎತ್ತಿ ನಡೆಯುವಂತಿರಲಿಲ್ಲ.

ತೀರ್ಪುಗಾರರು ಬರುವ ದಿನವೇ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆ. ಅಂದು ಸೂರ್ಯ ಹುಟ್ಟುವ ಮೊದಲು ಮನೆಯ ಗಂಡಸು ಹೋಗಿ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ತರಬೇಕು, ಕತ್ತಿ ಮುಟ್ಟಿಸಬಾರದು. ಅದರ ಕಷಾಯ ಕುಡಿದರೆ ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಆ ಮನೆಯ ಗಂಡಸು ಮುಸುಕೆಳೆದು ಮಲಗಿದ್ದರು.

ಏಳು ಗಂಟೆಗೆ ನಾನು ಹೋದಾಗ ಶೆಟ್ಟರು ಕಷಾಯ ಮುಗಿಸಿ ಮೆಂತೆ ಗಂಜಿ ಉಣ್ಣುತ್ತಿದ್ದರು. ನನಗೂ ಅರ್ಧ ಲೋಟ ಕಷಾಯ ಸಿಕ್ಕಿತು.

"ಈ ಸಲ ಕಹಿ ಲಾಯ್ಕ ಉಂಟು. ತೊಗಟೆ ಯಾರು ತಂದದ್ದು?" ಎಂದು ಶೆಟ್ಟರು ಕೇಳಿದರು.

"ತರುವುದೆಲ್ಲಿಂದ?" ಎಂದರು ಮನೋರಮಕ್ಕ. "ಅಂಗಳದ್ದನ್ನು ನೀವು ಕಡಿಸಿದಿರಿ. ಚಾವಡಿಯಲ್ಲಿ ಇದ್ದದ್ದರಿಂದಲೇ ತೆಗೆದೆ. ದೊಡ್ಡ ಮರದಲ್ಲಿ ಇರುವುದೆಲ್ಲ ಇದರಲ್ಲಿ ಉಂಟು ಅಂತ ನೀವೇ ಹೇಳಿದ್ದಲ್ವಾ?"

ಚಾವಡಿಯ ಟೀಪಾಯಿಯ ಮೇಲೆ ಮರ ಬುಡದಿಂದ ಕೊಂಬೆಯವರೆಗೆ ಸುತ್ತಲೂ ಬೆತ್ತಲೆಯಾಗಿ ನಿಂತಿತ್ತು. ಶೆಟ್ಟರು ಹೊಟ್ಟೆ ಹಿಡಿದುಕೊಂಡು ಕುಸಿದರು. ಬಹುಮಾನ ಅವರ ಹೊಟ್ಟೆಯೊಳಗೇ ಇತ್ತು. ನನಗೆ ನಗು ತಡೆಯಲಾಗಲಿಲ್ಲ.

ಹತ್ತು ಗಂಟೆಗೆ ತೀರ್ಪುಗಾರ್ತಿ ಡೈನಾ ಮೇಡಂ ಬಂದರು. ಮರದ ಸುತ್ತ ಎರಡು ಸಲ ನಡೆದರು.

"ತೊಗಟೆ ತೆಗೆದು ಮರಕ್ಕೆ ಮುಪ್ಪು ತರಿಸುವುದು ದೊಡ್ಡ ವಿದ್ಯೆ. ಇಷ್ಟು ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಯಾರು ಮಾಡಿದ್ದು?"

ಶೆಟ್ಟರು ಹೆಂಡತಿಯನ್ನು ನೋಡಿದರು, ಮರವನ್ನು ನೋಡಿದರು. "ನಾನೇ" ಎಂದರು.

"ಯಾವ ಉಪಕರಣದಲ್ಲಿ?"

"ಕಲ್ಲಿನಲ್ಲಿ," ಎಂದರು ಮನೋರಮಕ್ಕ, "ಕಬ್ಬಿಣ ಮುಟ್ಟಿಸಬಾರದು." ಮೇಡಂ ಅದನ್ನೂ ಬರೆದುಕೊಂಡರು.

ಮೊದಲ ಬಹುಮಾನ ಬಂತು. ವೇದಿಕೆಯಲ್ಲಿ ಶೆಟ್ಟರು ತಾಳ್ಮೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಮನೋರಮಕ್ಕ ಮೂರನೇ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದರು. ಚೌತಿಯ ಹೊತ್ತಿಗೆ ಮರ ಒಣಗಿ ಕಡ್ಡಿಯಾಯಿತು. ವಾಲಿದ ಕುಂಡದಲ್ಲಿ ಈಗ ಬೆಳ್ಳುಳ್ಳಿ ಇದೆ.

ಈ ವರ್ಷದ ಆಟಿ ಅಮಾವಾಸ್ಯೆಯಂದು ಮನೋರಮಕ್ಕ ಗಂಡನನ್ನು ಎಬ್ಬಿಸಿ, ಕೈಗೊಂದು ಕಲ್ಲು ಕೊಟ್ಟು ಕಳುಹಿಸಿದರು. ನಾನು ಜಗಲಿಯಿಂದ ನೋಡುತ್ತಿದ್ದೆ. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ನಡೆದು ರೂಢಿಯಾದ ಶೆಟ್ಟರ ಕಾಲುಗಳು ನಿದ್ದೆಗಣ್ಣಿನಲ್ಲಿ ತಾವಾಗಿಯೇ ಅಂಗಳದ ಮೂಲೆಗೆ ಹೋದವು. ಶೆಟ್ಟರು ಕಲ್ಲೆತ್ತಿದರು.

ಎದುರಿಗೆ ಕಾರು ನಿಂತಿತ್ತು.